ಕಾಲುವೆ ಹಿಡಿದು ಹೊರಟರೆ

ಹಂಪಿಯ ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿ ಈಗ ಎಲ್ಲರ ಫೋಟೋಗಳಲ್ಲೂ ಇದೆ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಅದನ್ನು ಕಂಡವರಿಲ್ಲ. 1980ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಗೆಯುವವರೆಗೂ ಅಲ್ಲಿದ್ದದ್ದು ಬರೀ ಮಣ್ಣು. ಮೇಲೆ ನಡೆದು ಹೋದವರಿಗೆ ಕಾಲ ಕೆಳಗೆ ಒಂದು ಕೊಳವಿದೆ ಎಂಬ ಸುಳಿವೂ ಇರಲಿಲ್ಲ.

ಒಂದು ಸುಳಿವು ಮಾತ್ರ ಎಲ್ಲರ ಕಣ್ಣೆದುರೇ ನಿಂತಿತ್ತು. ಅರಮನೆಯ ಆವರಣದಲ್ಲಿ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಒಂದರ ತುದಿಗೆ ಒಂದು ಜೋಡಿಸಿದ ಮೇಲ್ಗಾಲುವೆ ಇದೆ. ಒಂದೇ ಬಂಡೆಯನ್ನು ಕೊರೆದು ಮಾಡಿದ ಉದ್ದುದ್ದ ದೋಣಿಗಳು ಅವು. ಆ ಸಾಲು ಬಂದು ಮುಗಿಯುತ್ತಿದ್ದ ಕಡೆ ನೋಡಿದರೆ ಏನೂ ಇಲ್ಲ, ಬಯಲು. ಇಷ್ಟು ಕಷ್ಟಪಟ್ಟು ನೀರು ತಂದವರು ಅದನ್ನು ಬಯಲಿಗೆ ಚೆಲ್ಲಿರುತ್ತಾರೆಯೇ? ಗದ್ದೆಗೆ ನೀರು ಹಾಯಿಸುವ ಯಾರಿಗಾದರೂ ಹೊಳೆಯುವ ಪ್ರಶ್ನೆ ಇದು. ಕಾಲುವೆಯ ಮೂಗಿನ ನೇರಕ್ಕೆ ಅಗೆದರು. ಮಣ್ಣಿನಡಿಯಿಂದ ಸುಮಾರು 22 ಮೀಟರ್ ಚೌಕದ, 7 ಮೀಟರ್ ಆಳದ, ಐದು ಅಂತಸ್ತಿನ ಕೊಳ ಎದ್ದು ಬಂತು.

ಹಂಪಿ ಅಂದರೆ ಗ್ರಾನೈಟ್ ಬಂಡೆ. ಈ ಕೊಳದ ಮೆಟ್ಟಿಲುಗಳು ಮಾತ್ರ ನಯವಾಗಿ ಕಡೆದ ಕಪ್ಪು ಶಿಸ್ಟ್ ಕಲ್ಲಿನವು. ಬಗ್ಗಿ ನೋಡಿದರೆ ಕಲ್ಲುಗಳ ಮೇಲೆ ಸಣ್ಣ ಗೀರುಗಳು, ಕನ್ನಡದ ಅಕ್ಷರ, ಅಂಕಿ. ಈ ಕಲ್ಲು ಯಾವ ದಿಕ್ಕಿನದು, ಎಷ್ಟನೆಯ ಸಾಲಿನದು, ಆ ಸಾಲಿನಲ್ಲಿ ಅದರ ಜಾಗ ಎಲ್ಲಿ ಎಂದು ಕಲ್ಲುಕುಟಿಗರು ತಮಗೇ ಬರೆದುಕೊಂಡ ಗುರುತುಗಳಿವು. ಬೇರೆಲ್ಲೋ ಕಡೆದು ತಂದು, ಇಲ್ಲಿ ಗುರುತು ನೋಡಿ ಜೋಡಿಸಿದ್ದಾರೆ ಎಂದು ಊಹಿಸಲು ಇದೇ ಆಧಾರ. ರಾಜರನ್ನು ಹೊಗಳುವ ಶಾಸನಗಳು ಬೇಕಾದಷ್ಟಿವೆ. ಒಬ್ಬ ಕೆಲಸಗಾರ ಇನ್ನೊಬ್ಬನಿಗೆ ಹೇಳಿದ ಈ ಎರಡಕ್ಷರದ ಮಾತು ನನಗೆ ಅವೆಲ್ಲಕ್ಕಿಂತ ಹತ್ತಿರದ್ದು. ಅದು ಅಳಿಯದೆ ಉಳಿದದ್ದಕ್ಕೆ ಮೇಲೆ ಬಿದ್ದ ಮಣ್ಣಿಗೂ ಋಣಿಯಾಗಿರಬೇಕು.

ಇನ್ನು ಅದೇ ನೀರಿನ ದಾರಿಯನ್ನು ಹಿಮ್ಮುಖವಾಗಿ ಹಿಡಿಯೋಣ. ಅರಮನೆಗೆ ನೀರು ಬರುತ್ತಿದ್ದದ್ದು ಕಮಲಾಪುರದ ಕೆರೆಯಿಂದ. ಆ ಕೆರೆಗೆ ರಾಯ ಕಾಲುವೆ. ಅದರ ಜೊತೆಗಾರ ಬಸವಣ್ಣ ಕಾಲುವೆ. ಹೊಸಪೇಟೆಯವರಿಗೆ ಇವೆರಡೂ ಮನೆಮಾತು. ಬಾಳೆ, ಕಬ್ಬು, ಭತ್ತದ ನಡುವೆ ಇವುಗಳ ದಂಡೆ ಹಿಡಿದು ಮೇಲಕ್ಕೆ ನಡೆದರೆ ದಾರಿ ಥಟ್ಟನೆ ನಿಲ್ಲುತ್ತದೆ. ಎದುರಿಗೆ ಟಿ.ಬಿ. ಡ್ಯಾಂ, ಅಂದರೆ ತುಂಗಭದ್ರಾ ಅಣೆಕಟ್ಟೆ. ಐನೂರು ವರ್ಷದ ಕಾಲುವೆಗಳಿಗೆ ಇವತ್ತು ನೀರು ಬಿಡುವುದು 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟೆಯ ತೂಬು.

ಹಾಗಾದರೆ ಕಾಲುವೆಯ ಹಳೆಯ ಬಾಯಿ ಎಲ್ಲಿ? ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಯಲ್ಲಿ, ಕೃಷ್ಣದೇವರಾಯ 1521ರಲ್ಲಿ ಕಟ್ಟಿಸಿದ ಕಾಮಗಾರಿಗಳಲ್ಲಿ ಬಸವಣ್ಣ ಕಾಲುವೆಯನ್ನು ಹೆಸರಿಸಿ, ಅದಿನ್ನೂ ಬಳಕೆಯಲ್ಲಿದೆ ಎಂದು ಬರೆದಿದ್ದಾನೆ. ಆ ಕಾಲುವೆಗೆ ನದಿಯ ನೀರನ್ನು ತಿರುಗಿಸುತ್ತಿದ್ದದ್ದು ವಲ್ಲಭಾಪುರದ ಒಡ್ಡು. ಅದೀಗ ಜಲಾಶಯದ ಹೊಟ್ಟೆಯಲ್ಲಿದೆ. ಡ್ಯಾಮಿನ ದಂಡೆಯಲ್ಲಿ ನಿಂತು ಸಂಡೂರಿನ ಗುಡ್ಡಗಳತ್ತ ನೋಡುವಾಗ ನಾವು ನೋಡುತ್ತಿರುವುದು ಬರೀ ನೀರನ್ನಲ್ಲ, ಮುಳುಗಿದ ಒಂದು ಸ್ಮಾರಕದ ಮಾಡನ್ನು.

ನೀರೊಳಗಿನ ಪುರಾತತ್ವ ಅಂದರೆ ನಮಗೆ ನೆನಪಾಗುವುದು ಸಮುದ್ರ, ಮುಳುಗಿದ ಹಡಗು, ದ್ವಾರಕೆ. ಅದೂ ಸಹಜವೇ. ಲೋಥಲ್ ಅಗೆದು, ಆಮೇಲೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಿಂದ ದ್ವಾರಕೆಯ ಕಡಲಿಗಿಳಿದ ಎಸ್.ಆರ್. ರಾವ್ ನಮ್ಮ ಕನ್ನಡದವರೇ. ಆದರೆ ಯುನೆಸ್ಕೋದ 2001ರ ಒಪ್ಪಂದ ನೀರೊಳಗಿನ ಪರಂಪರೆಯನ್ನು ಹೇಗೆ ಗುರುತಿಸುತ್ತದೆ ನೋಡಿ: ಕನಿಷ್ಠ 100 ವರ್ಷ, ಪೂರ್ತಿಯಾಗಿಯೋ ಭಾಗಶಃವೋ, ಸದಾ ಅಥವಾ ಆಗಾಗ ನೀರಿನಲ್ಲಿದ್ದದ್ದು. ಭಾರತ ಇದನ್ನು ಇನ್ನೂ ಅಂಗೀಕರಿಸಿಲ್ಲ. ಆದರೂ ಆ ‘ಆಗಾಗ’ ಎಂಬ ಮಾತು ಓದಿದಾಗ ನನಗೆ ಕಂಡದ್ದು ವಿಠ್ಠಲ ದೇವಸ್ಥಾನದ ಹತ್ತಿರ ನದಿಯಲ್ಲಿ ನಿಂತ ಹಳೆಯ ಸೇತುವೆಯ ಕಲ್ಲುಗಂಬಗಳು. ಬೇಸಿಗೆಯಲ್ಲಿ ಕಾಲಾಡಿಸುವಷ್ಟು ನೀರಿನಲ್ಲಿ ಸಾಲಾಗಿ ನಿಲ್ಲುತ್ತವೆ, ಹೊಳೆ ತುಂಬಿದಾಗ ಮುಳುಗುತ್ತವೆ. ಕೋಟೆಗಿರುವಂತೆ ಅವಕ್ಕೆ ಬೇಲಿಯಿಲ್ಲ, ಗೇಟಿಲ್ಲ.

ವಲ್ಲಭಾಪುರದ ಒಡ್ಡು ನೂರು ವರ್ಷದಿಂದ ಜಲಾಶಯದಡಿ ಇಲ್ಲ, ನಿಜ. ಆದರೆ ಅದು ಹುಟ್ಟಿದ್ದೇ ನೀರಿನಲ್ಲಿ. ಅದರ ಮೇಲಿರುವ ಹೂಳಿನದು ಇನ್ನೊಂದು ಕತೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ರೈತರ ಪಾಲಿಗೆ ಇದು ನೇರ ನಷ್ಟ. ಹೂಳು ತೆಗೆಯಿರಿ ಎಂಬ ಅವರ ಕೂಗು ನ್ಯಾಯದ್ದು. ನಾನು ಕೇಳುವುದು ಇಷ್ಟೆ: ಯಂತ್ರ ಇಳಿಸುವ ಮೊದಲು ತಳವನ್ನೊಮ್ಮೆ ನೋಡಿ. ದೋಣಿಯಿಂದ ಶಬ್ದದ ಅಲೆ ಕಳಿಸಿ, ಮರಳಿ ಬಂದದ್ದನ್ನು ಲೆಕ್ಕಹಾಕಿ ತಳದ ನಕ್ಷೆ ಬರೆಯುವ ಸೋನಾರ್ ಇದೆ. ಕೆಳದನಿಯ ಅಲೆಗಳಿಗೆ ಕೆಸರಿನಡಿಯ ಗಟ್ಟಿ ಕಲ್ಲನ್ನು ಗುರುತಿಸುವ ಶಕ್ತಿಯೂ ಇದೆ. ಪುರಾತತ್ವ ಇಲಾಖೆಯಲ್ಲಿ 2001ರಿಂದ ನೀರೊಳಗಿನ ಕೆಲಸಕ್ಕೆಂದೇ ಒಂದು ವಿಭಾಗವಿದೆ. ಒಡ್ಡನ್ನು ಮೇಲೆತ್ತುವುದು ಬೇಡ. ಇದ್ದಲ್ಲೇ ಕಾಯುವುದು ಮೊದಲ ಆಯ್ಕೆ ಎಂದು ಆ ಒಪ್ಪಂದವೂ ಹೇಳುತ್ತದೆ. ಎಲ್ಲಿದೆ ಎಂದು ನಕ್ಷೆಯ ಮೇಲೆ ಒಂದು ಗೆರೆ ಎಳೆದರೆ ಯಂತ್ರದ ಬಕೆಟ್ ಅಲ್ಲಿಗೆ ಇಳಿಯದಂತೆ ತಡೆಯಬಹುದು.

ಎಲ್ಲಿಂದ ಹುಡುಕಬೇಕು ಎಂದು ಕೇಳಿದರೆ, ಹಂಪಿಯಲ್ಲಿ ಮಾಡಿದ್ದನ್ನೇ ತಿರುವಿ ಮಾಡಬೇಕು. ಅಲ್ಲಿ ಕಾಲುವೆಯ ಕೊನೆಗೆ ಹೋಗಿ ಅಗೆದರು. ಇಲ್ಲಿ ಬಸವಣ್ಣ ಕಾಲುವೆಯ ತೂಬಿನ ಬಳಿ ನಿಂತು, ಅಲ್ಲಿಂದ ನೀರಿನ ಕಡೆಗೆ ಹೊರಡಬೇಕು.