ದೊಡ್ಡವಳಾದಳು ನಿಜ, ಬೆಳೆದು ಮುಗಿದಿಲ್ಲ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಅನೇಕ ಮನೆಗಳಲ್ಲಿ ಹುಡುಗಿ ಮೈನೆರೆದಳೆಂದರೆ ಎರಡು ಮಾತು ಒಟ್ಟಿಗೇ ಹೊರಡುತ್ತವೆ. ಆರತಿ ಯಾವಾಗ ಎಂಬುದು ಒಂದು. ವರ ಎಲ್ಲಿ ಎಂಬುದು ಇನ್ನೊಂದು. ಮೊದಲನೆಯದು ಸಂತೋಷದ ವಿಷಯ. ಎರಡನೆಯದರ ಬಗ್ಗೆ ವೈದ್ಯನಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಮೊದಲ ಮುಟ್ಟು ಬಂದ ದಿನ ಹುಡುಗಿಯ ದೇಹ ಎಷ್ಟು ಬೆಳೆದಿರುತ್ತದೆ, ಇನ್ನೆಷ್ಟು ಬೆಳೆಯಬೇಕಾಗಿರುತ್ತದೆ ಎಂಬುದನ್ನು ಪಾಲಕರು ತಿಳಿದುಕೊಂಡರೆ, ಆ ಎರಡನೆಯ ಮಾತಿಗೆ ಅವಸರ ಮಾಡಲಾರರು.

ಬದಲಾವಣೆ ಎಲ್ಲಿಂದ ಆರಂಭ?

ಹದಿಹರೆಯದ ಬದಲಾವಣೆಗಳು ಕಣ್ಣಿಗೆ ಕಾಣುವುದು ಮೈಮೇಲೆ. ಆದರೆ ಅವು ಆರಂಭವಾಗುವುದು ಮೆದುಳಿನಲ್ಲಿ. ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗ ಬಾಲ್ಯದಲ್ಲಿ ಈ ವಿಷಯದ ಮಟ್ಟಿಗೆ ಸುಮ್ಮನಿರುತ್ತದೆ. ತಕ್ಕ ವಯಸ್ಸು ಬಂದಾಗ ಅದು ರಾತ್ರಿ ನಿದ್ದೆಯ ವೇಳೆಯಲ್ಲಿ ಬಿಟ್ಟು ಬಿಟ್ಟು ಒಂದು ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಅದರ ಪ್ರಚೋದನೆಯಿಂದ, ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಇನ್ನೆರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಇವು ಹುಡುಗಿಯರಲ್ಲಿ ಅಂಡಾಶಯಗಳನ್ನೂ ಹುಡುಗರಲ್ಲಿ ವೃಷಣಗಳನ್ನೂ ಎಚ್ಚರಿಸುತ್ತವೆ. ಅಂಡಾಶಯದಿಂದ ಈಸ್ಟ್ರೋಜನ್, ವೃಷಣದಿಂದ ಟೆಸ್ಟೋಸ್ಟಿರೋನ್ ಹೊರಬಂದು ಮುಂದಿನ ಕೆಲಸ ನಡೆಸುತ್ತವೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳೂ ಇದೇ ಸುಮಾರಿಗೆ ಚುರುಕಾಗುತ್ತವೆ. ಕಂಕುಳಿನ ಕೂದಲು, ಬೆವರಿನ ವಾಸನೆ, ಮುಖದ ಮೊಡವೆಗಳಲ್ಲಿ ಇವುಗಳ ಪಾಲೂ ಇದೆ.

ಹುಡುಗಿಯರಲ್ಲಿ

8ರಿಂದ 13 ವರ್ಷದೊಳಗೆ ಸ್ತನಗಳು ಮೊಳೆಯುವುದು ಸಾಮಾನ್ಯವಾಗಿ ಮೊದಲ ಚಿಹ್ನೆ. ಎಷ್ಟೋ ಸಲ ಇದು ಒಂದೇ ಕಡೆ ಶುರುವಾಗುತ್ತದೆ, ಮುಟ್ಟಿದರೆ ನೋಯುತ್ತದೆ. "ಒಂದ ಕಡೆ ಗಂಟ ಆಗೇತ್ರೀ ಡಾಕ್ಟರ" ಎಂದು ತಾಯಂದಿರು ಗಾಬರಿಯಿಂದ ಕರೆತರುತ್ತಾರೆ. ಕೆಲವು ತಿಂಗಳಲ್ಲಿ ಇನ್ನೊಂದು ಕಡೆಯೂ ಬೆಳೆಯುತ್ತದೆ. ಇದಕ್ಕೆ ಔಷಧ ಬೇಡ.

ಮುಂದೆ ಗುಹ್ಯಭಾಗದಲ್ಲಿ ಕೂದಲು ಬರುತ್ತದೆ, ಹುಡುಗಿ ಸರಸರನೆ ಎತ್ತರವಾಗುತ್ತಾಳೆ. ಏಳನೆಯ ಇಯತ್ತೆಯಲ್ಲಿ ಹುಡುಗಿಯರೇ ಹುಡುಗರಿಗಿಂತ ಎತ್ತರ ಕಾಣುವುದು ಇದರಿಂದಲೇ. ಸ್ತನ ಮೊಳೆತ ಎರಡು, ಎರಡೂವರೆ ವರ್ಷದ ನಂತರ ಮೊದಲ ಮುಟ್ಟು ಬರುತ್ತದೆ. ಮೊದಲ ಎರಡು ಮೂರು ವರ್ಷ ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗುವುದಿಲ್ಲವಾದ್ದರಿಂದ ಮುಟ್ಟು ಹಿಂದೆ ಮುಂದೆ ಆಗುತ್ತದೆ. 21ರಿಂದ 45 ದಿನಗಳ ಅಂತರದಲ್ಲಿ ಬಂದರೆ ಚಿಂತಿಸಬೇಕಿಲ್ಲ. ಜಾತ್ರೆ, ಮದುವೆ ಎಂದು ಮುಟ್ಟು ಮುಂದೂಡುವ ಗುಳಿಗೆಯನ್ನು ಅಂಗಡಿಯಿಂದ ತಂದು ನುಂಗಿಸುವ ಪದ್ಧತಿ ಮಾತ್ರ ಸಲ್ಲದು. ಅವೂ ಹಾರ್ಮೋನುಗಳೇ, ವೈದ್ಯರನ್ನು ಕೇಳದೆ ಕೊಡಬಾರದು.

ಮುಟ್ಟಿನ ನಂತರ ಉಳಿದ ಬೆಳವಣಿಗೆ

ಮೊದಲ ಮುಟ್ಟಿನ ನಂತರವೂ ಹುಡುಗಿ ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್ ಎತ್ತರ ಬೆಳೆಯುತ್ತಾಳೆ. ಅದಕ್ಕಿಂತ ಮುಖ್ಯವಾದದ್ದು ಸೊಂಟದ ಎಲುಬಿನ ಗೂಡು. ಹೆರಿಗೆಯಲ್ಲಿ ಮಗುವಿನ ತಲೆ ಹಾದು ಬರಬೇಕಾದ ದಾರಿ ಇದು. ಎತ್ತರದ ಬೆಳವಣಿಗೆ ನಿಂತ ಮೇಲೂ ಈ ಗೂಡು ನಿಧಾನವಾಗಿ ಅಗಲವಾಗುತ್ತಿರುತ್ತದೆ. ಅಂದರೆ ಗರ್ಭ ಧರಿಸುವ ಶಕ್ತಿ ಮೊದಲು ಬರುತ್ತದೆ, ಸುರಕ್ಷಿತವಾಗಿ ಹೆರುವ ಶಕ್ತಿ ವರ್ಷಗಳ ನಂತರ ಬರುತ್ತದೆ. ನಡುವಿನ ಅವಧಿಯಲ್ಲಿ ಗರ್ಭ ನಿಂತರೆ ಬೆಳೆಯುವ ತಾಯಿ, ಬೆಳೆಯುವ ಮಗು ಇಬ್ಬರೂ ಒಂದೇ ತುತ್ತಿಗೆ ಪಾಲುದಾರರು. ಚಿಕ್ಕ ವಯಸ್ಸಿನ ತಾಯಂದಿರಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವುದು, ಬಾಣಂತಿ ನಂಜು, ದಿನ ತುಂಬದ ಹೆರಿಗೆ, ಕಡಿಮೆ ತೂಕದ ಕೂಸು, ಇವೆಲ್ಲ ಹೆಚ್ಚು.

ಇದು ದೂರದ ಊರಿನ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಐವರಲ್ಲಿ ಒಬ್ಬಳ ಮದುವೆ 18 ತುಂಬುವ ಮುಂಚೆಯೇ ಆಗಿತ್ತು. ನಮ್ಮ ಬಾಗಲಕೋಟೆ ಮತ್ತು ಪಕ್ಕದ ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ 2014ರಿಂದ 2017ರವರೆಗೆ ಪರಿಶಿಷ್ಟ ಜಾತಿ, ಪಂಗಡಗಳ ಬಾಲಕಿಯರನ್ನು ಏಳನೆಯ ಇಯತ್ತೆಯಿಂದ ಹತ್ತನೆಯವರೆಗೆ ಗಮನಿಸಿದ 'ಸಮತಾ' ಎಂಬ ಅಧ್ಯಯನ ನಡೆಯಿತು. ಸುಮಾರು ನಾಲ್ವರಲ್ಲಿ ಒಬ್ಬಳು ಹತ್ತನೆಯದನ್ನು ಮುಗಿಸಿರಲಿಲ್ಲ. ಸುಮಾರು ಹತ್ತು ಜನರಲ್ಲಿ ಒಬ್ಬಳಿಗೆ ಮದುವೆಯಾಗಿತ್ತು. ದೊಡ್ಡವಳಾದ ಮಗಳನ್ನು ಶಾಲೆ ಬಿಡಿಸಿ ಕಂಡಿಕೆ ಸುತ್ತಲು, ಕಬ್ಬಿನ ಹೊಲದಲ್ಲಿ ಕಸ ತೆಗೆಯಲು ಹಚ್ಚುವ ಮನೆಗಳು ಯೋಚಿಸಬೇಕು.

ಹುಡುಗರಲ್ಲಿ

ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ವೃಷಣಗಳು ದೊಡ್ಡದಾಗುವುದು ಮೊದಲ ಚಿಹ್ನೆ. ಎತ್ತರದ ಜಿಗಿತ ಹುಡುಗಿಯರಿಗಿಂತ ಎರಡು ವರ್ಷ ತಡ. ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ. ಸುಮಾರು ಅರ್ಧದಷ್ಟು ಹುಡುಗರಲ್ಲಿ ಎದೆಯ ತೊಟ್ಟಿನ ಕೆಳಗೆ ಸಣ್ಣ ಗಂಟು ಕಾಣಿಸಿಕೊಂಡು, ಬಹುತೇಕರಲ್ಲಿ ಎರಡು ವರ್ಷದೊಳಗೆ ತಾನಾಗಿ ಕರಗುತ್ತದೆ. ಗೆಳೆಯರು ನಗುತ್ತಾರೆಂದು ಅಂಗಿ ಬಿಚ್ಚಲು, ಕೆನಾಲಿನಲ್ಲಿ ಈಜಲು ಹಿಂಜರಿಯುವ ಹುಡುಗನಿಗೆ ಈ ಒಂದು ಮಾತು ಹೇಳಿದರೆ ಸಾಕು.

ನಿದ್ದೆಯಲ್ಲಿ ವೀರ್ಯ ಹೋಗುವುದು ಸಹಜ ಕ್ರಿಯೆ. ಇದರಿಂದ ರಕ್ತ ಕಡಿಮೆಯಾಗುವುದಿಲ್ಲ, ನರ ದುರ್ಬಲವಾಗುವುದಿಲ್ಲ, ಮುಂದೆ ಮಕ್ಕಳಾಗಲು ತೊಂದರೆಯೂ ಇಲ್ಲ. ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು ನೋಡಿ ಹಣ ಕಳೆದುಕೊಳ್ಳುವ ಮುಂಚೆ ತಂದೆಯಾದವರು ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇದನ್ನು ಹೇಳಬೇಕು.

ರಕ್ತ ಮತ್ತು ಆಹಾರ

ಬೆಳೆಯುವ ಮೈಗೆ ಕಬ್ಬಿಣಾಂಶ ಹೆಚ್ಚು ಬೇಕು. ಹುಡುಗಿಯರಲ್ಲಿ ತಿಂಗಳಿಗೊಮ್ಮೆ ರಕ್ತ ಹೋಗುವುದೂ ಸೇರುತ್ತದೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಬೇಗ ದಣಿಯುವುದು, ಓದಿನಲ್ಲಿ ಲಕ್ಷ್ಯವಿಲ್ಲದಿರುವುದು, ಮಣ್ಣು, ಬಳಪ ತಿನ್ನುವುದು ಇದರ ಲಕ್ಷಣಗಳಾಗಿರಬಹುದು.

ಶಾಲೆ ಮತ್ತು ಅಂಗನವಾಡಿಯಲ್ಲಿ ಕೊಡುವ ವಾರಕ್ಕೊಂದು ನೀಲಿ ಗುಳಿಗೆಯನ್ನು ಊಟವಾದ ಮೇಲೆ ನುಂಗಬೇಕು. ಮಲ ಕಪ್ಪಾದರೆ ಹೆದರಬೇಕಿಲ್ಲ. ವರ್ಷಕ್ಕೆರಡು ಸಲ ಜಂತಿನ ಗುಳಿಗೆಯನ್ನೂ ತಪ್ಪಿಸಬಾರದು. ರೊಟ್ಟಿಯೊಂದಿಗೆ ಹೆಸರು, ಮಡಕಿ ಕಾಳಿನ ಪಲ್ಯ, ಮೆಂತೆ, ರಾಜಗಿರಿ ಸೊಪ್ಪು, ಶೇಂಗಾ ಚಟ್ನಿ ಇರಲಿ. ಮೇಲೆ ನಿಂಬೆಹುಳಿ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ಮೈನೆರೆದವಳಿಗೆ ಒಣಕೊಬ್ಬರಿ, ಬೆಲ್ಲದ ಉಂಡಿ ಕೊಡುವ ನಮ್ಮ ಹಿರಿಯರ ಪದ್ಧತಿ ಒಳ್ಳೆಯದು. ಆದರೆ ಹೊರಗೆ ಕೂಡಿಸುವುದು, ಮೊಸರು, ಹಣ್ಣು ಬಿಡಿಸುವುದು ಬೇಡ. ದಿನಾಲು ಸ್ನಾನ ಮಾಡಿಸಿರಿ. ಬಟ್ಟೆ ಬಳಸುವವರು ತೊಳೆದ ಬಟ್ಟೆಯನ್ನು ಕತ್ತಲೆಯಲ್ಲಿ ಮುಚ್ಚಿಡದೆ ಬಿಸಿಲಿಗೆ ಒಣಗಿಸಬೇಕು.

ವೈದ್ಯರಿಗೆ ಯಾವಾಗ ತೋರಿಸಬೇಕು?

* ಹುಡುಗಿಗೆ 8, ಹುಡುಗನಿಗೆ 9 ವರ್ಷಕ್ಕಿಂತ ಮುಂಚೆಯೇ ಬದಲಾವಣೆ ಶುರುವಾದರೆ.
* ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಯಾವ ಬದಲಾವಣೆಯೂ ಕಾಣದಿದ್ದರೆ.
* 15 ವರ್ಷವಾದರೂ, ಅಥವಾ ಸ್ತನ ಮೊಳೆತು 3 ವರ್ಷ ಕಳೆದರೂ ಮುಟ್ಟು ಬಾರದಿದ್ದರೆ.
* ಮುಟ್ಟೇ ಆಗದ ಹುಡುಗಿಗೆ ತಿಂಗಳು ತಿಂಗಳು ಕಿಬ್ಬೊಟ್ಟೆ ನೋವು ಬರುತ್ತಿದ್ದರೆ. ಒಳಗೆ ಸ್ರಾವವಾಗಿ, ಪೊರೆ ಅಡ್ಡವಿರುವುದರಿಂದ ಹೊರಬರದೆ ಇರಬಹುದು. ಚಿಕ್ಕ ಶಸ್ತ್ರಕ್ರಿಯೆಯಿಂದ ಸರಿಹೋಗುತ್ತದೆ.
* ಸ್ರಾವ 7 ದಿನ ಮೀರಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ಯುತ್ತಿದ್ದರೆ, ಅಥವಾ ಮೂರು ತಿಂಗಳು ಮುಟ್ಟು ನಿಂತರೆ.

ಸರಕಾರಿ ದವಾಖಾನೆಗಳಲ್ಲಿ ಹದಿಹರೆಯದವರಿಗಾಗಿ 'ಸ್ನೇಹ ಕ್ಲಿನಿಕ್' ವ್ಯವಸ್ಥೆ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಪಾಲಕರಿಗೆ ಒಂದು ಮಾತು

ಮಗಳಿಗೆ ಒಂಬತ್ತು ಹತ್ತು ವರ್ಷ ಆಗುವಾಗಲೇ ಅವ್ವನೋ ಅಜ್ಜಿಯೋ ಮುಟ್ಟಿನ ವಿಷಯ ಹೇಳಿಡಬೇಕು. ಏನೂ ತಿಳಿಯದ ಮಗು ರಕ್ತ ಕಂಡಾಗ ತನಗೆ ದೊಡ್ಡ ರೋಗವೇ ಬಂತೆಂದು ಹೆದರುತ್ತದೆ. ಇನ್ನು ಮದುವೆಯ ಮಾತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. ಕರ್ನಾಟಕ ತಂದ ತಿದ್ದುಪಡಿಯಂತೆ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅಂಥ ಮದುವೆ ನಿಶ್ಚಯವಾದದ್ದು ತಿಳಿದರೆ ಯಾರು ಬೇಕಾದರೂ 1098ಕ್ಕೆ ಫೋನ್ ಮಾಡಬಹುದು. ಕಾನೂನು ಹೇಳುವ 18 ವರ್ಷದವರೆಗೂ ಮಗಳ ಎಲುಬು, ರಕ್ತ, ಬುದ್ಧಿ ಮೂರೂ ಬೆಳೆಯುತ್ತಿರುತ್ತವೆ. ಆರತಿ ಮಾಡಿರಿ, ಉಂಡಿ ಹಂಚಿರಿ, ಮರುದಿನ ಅವಳನ್ನು ಶಾಲೆಗೆ ಕಳಿಸಿರಿ.