ಮನೆಯ ಜನರೇಟರ್ ಮತ್ತು ಊರಿನ ಟ್ರಾನ್ಸ್‌ಫಾರ್ಮರ್: ಸಾರ್ವಜನಿಕರು ತಿಳಿದಿರಬೇಕಾದ ಒಂದು ತತ್ವ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಜಡೆ ಹಾಗೂ ನೆರೆಯ ಶಿಕಾರಿಪುರ ತಾಲ್ಲೂಕಿನ ಗ್ರಾಮಗಳಲ್ಲಿ ಮಳೆಗಾಲದ ಗಾಳಿಗೆ ಮರದ ಕೊಂಬೆಗಳು ತಂತಿಯ ಮೇಲೆ ಬಿದ್ದು ವಿದ್ಯುತ್ ಸರಬರಾಜು ನಿಲ್ಲುವುದು ಅಪರೂಪವಲ್ಲ. ಇಂತಹ ಸಂದರ್ಭದಲ್ಲಿ ಮನೆ, ಅಂಗಡಿ ಹಾಗೂ ಮದುವೆಯ ಚಪ್ಪರಗಳಲ್ಲಿ ಸಣ್ಣ ಜನರೇಟರ್‌ಗಳನ್ನು ಬಳಸಲಾಗುತ್ತದೆ. ಜನರೇಟರನ್ನು ಮನೆಯ ವೈರಿಂಗ್‌ಗೆ ಜೋಡಿಸುವ ಕ್ರಮ ಸರಿಯಿಲ್ಲದಿದ್ದಲ್ಲಿ, ದೂರದ ಕಂಬದ ಮೇಲೆ ದುರಸ್ತಿಯಲ್ಲಿ ತೊಡಗಿರುವ ಮಾರ್ಗದಾಳುವಿನ ಪ್ರಾಣಕ್ಕೆ ಅಪಾಯ ಒದಗುತ್ತದೆ. ಕೇವಲ 230 ವೋಲ್ಟ್ ನೀಡುವ ಯಂತ್ರದಿಂದ ಇದು ಹೇಗೆ ಸಾಧ್ಯವೆಂಬುದನ್ನು ಅರಿಯಲು ವಿದ್ಯುತ್ಕಾಂತೀಯ ಪ್ರೇರಣೆ ಎಂಬ ತತ್ವದ ಪರಿಚಯ ಅವಶ್ಯಕ.

ವಿದ್ಯುತ್ ಹರಿಯುವ ತಂತಿಯು ತನ್ನ ಸುತ್ತ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ ಎಂಬುದನ್ನು 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ತೋರಿಸಿದರು. ಹಾಗಾದರೆ ಕಾಂತದಿಂದ ವಿದ್ಯುತ್ತನ್ನು ಪಡೆಯಬಹುದೇ? ಈ ಪ್ರಶ್ನೆಗೆ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ಅವರು 1831ರಲ್ಲಿ ಉತ್ತರ ಕಂಡುಕೊಂಡರು. ಅವರು ಕಬ್ಬಿಣದ ಬಳೆಯೊಂದಕ್ಕೆ ಎರಡು ಪ್ರತ್ಯೇಕ ತಂತಿ ಸುರುಳಿಗಳನ್ನು ಸುತ್ತಿ, ಒಂದನ್ನು ಬ್ಯಾಟರಿಗೆ ಜೋಡಿಸಿದರು. ಇನ್ನೊಂದು ಸುರುಳಿಯ ವಿದ್ಯುತ್ತನ್ನು ತೋರಿಸಬೇಕಾದ ಸೂಜಿಯು ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ ಒಮ್ಮೆ, ತೆಗೆದ ಕ್ಷಣದಲ್ಲಿ ವಿರುದ್ಧ ದಿಕ್ಕಿಗೆ ಮತ್ತೊಮ್ಮೆ ಅಲುಗಿತು. ನಡುವಿನ ಅವಧಿಯಲ್ಲಿ, ಕಾಂತಕ್ಷೇತ್ರ ಎಷ್ಟೇ ಪ್ರಬಲವಾಗಿದ್ದರೂ, ಅದು ನಿಶ್ಚಲವಾಗಿಯೇ ಇತ್ತು. ಅಂದರೆ ವಿದ್ಯುತ್ತನ್ನು ಹುಟ್ಟಿಸುವುದು ಕಾಂತಕ್ಷೇತ್ರದ ಇರುವಿಕೆಯಲ್ಲ, ಅದರ ಬದಲಾವಣೆ. ಬದಲಾವಣೆ ಶೀಘ್ರವಾದಷ್ಟೂ, ಸುರುಳಿಯ ಸುತ್ತುಗಳು ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚುತ್ತದೆ.

ಇದರಲ್ಲಿ ಪುಕ್ಕಟೆ ಲಾಭವೇನೂ ಇಲ್ಲ. ಹುಟ್ಟಿದ ವಿದ್ಯುತ್ ಪ್ರವಾಹವು ತನ್ನ ಹುಟ್ಟಿಗೆ ಕಾರಣವಾದ ಬದಲಾವಣೆಯನ್ನೇ ವಿರೋಧಿಸುತ್ತದೆ. ಇದನ್ನು 1834ರಲ್ಲಿ ಲೆನ್ಜ್ ಎಂಬ ವಿಜ್ಞಾನಿ ನಿಯಮವಾಗಿ ನಿರೂಪಿಸಿದರು. ಸೈಕಲ್ಲಿಗೆ ಡೈನಮೋ ಹಾಕಿಸಿ ರಾತ್ರಿ ಸಂಚರಿಸಿದವರಿಗೆ ಇದು ಹೊಸ ವಿಷಯವಲ್ಲ. ದೀಪ ಉರಿಯತೊಡಗಿದೊಡನೆ ಪೆಡಲ್ ತುಳಿಯುವುದು ಭಾರವಾಗುತ್ತದೆ. ಜಮಾ ಬದಿಯಲ್ಲಿ ಬರೆದುಕೊಂಡ ಬೆಳಕು ಖರ್ಚಿನ ಬದಿಯಲ್ಲಿ ಕಾಲಿನ ಶ್ರಮವಾಗಿ ದಾಖಲಾಗುತ್ತದೆ.

ಇದೇ ಜಿಲ್ಲೆಯ ಶರಾವತಿ ವಿದ್ಯುದಾಗಾರದಲ್ಲಿ ಆ ಶ್ರಮವನ್ನು ವಹಿಸುವುದು ನೀರು. ಲಿಂಗನಮಕ್ಕಿ ಜಲಾಶಯದ ನೀರು ತಳಕಳಲೆಯ ಮೂಲಕ ಸಾಗಿ, ಕೊಳವೆಗಳಲ್ಲಿ ಕಣಿವೆಗೆ ಧುಮುಕಿ ಪೆಲ್ಟನ್ ಚಕ್ರಗಳನ್ನು ತಿರುಗಿಸುತ್ತದೆ. ಅವುಗಳೊಂದಿಗೆ ಪ್ರಬಲ ವಿದ್ಯುತ್ಕಾಂತಗಳೂ ತಿರುಗಿ, ಸುತ್ತಲಿನ ಸ್ಥಿರ ಸುರುಳಿಗಳಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಇಲ್ಲಿನ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1035 ಮೆಗಾವ್ಯಾಟ್. ಮದುವೆಯ ಚಪ್ಪರದ ಹಿಂದೆ ಸದ್ದು ಮಾಡುವ ಪುಟ್ಟ ಜನರೇಟರ್ ಸಹ ಇದೇ ತತ್ವದ ಯಂತ್ರ. ನೀರಿನ ಬದಲು ಪೆಟ್ರೋಲ್ ಅಥವಾ ಡೀಸೆಲ್, ಅಷ್ಟೇ.

ಊರಿನ ಟ್ರಾನ್ಸ್‌ಫಾರ್ಮರ್

ಜನರು ಸಾಮಾನ್ಯವಾಗಿ 'ಟಿ.ಸಿ.' ಎಂದು ಕರೆಯುವ ಪೆಟ್ಟಿಗೆಯು ಫ್ಯಾರಡೆಯವರ ಬಳೆಯ ದೊಡ್ಡ ರೂಪವೆನ್ನಬಹುದು. ಅದರಲ್ಲಿ ತಿರುಗುವ ಭಾಗ ಯಾವುದೂ ಇಲ್ಲ. ಕಬ್ಬಿಣದ ತಿರುಳಿನ ಮೇಲೆ ಎರಡು ಬಗೆಯ ಸುರುಳಿಗಳಿದ್ದು, 11,000 ವೋಲ್ಟ್ ಮಾರ್ಗಕ್ಕೆ ಸೇರಿದ ಸುರುಳಿಗೆ ಹೆಚ್ಚು ಸುತ್ತುಗಳು, ಮನೆಗಳ ಕಡೆಯದಕ್ಕೆ ಕಡಿಮೆ ಸುತ್ತುಗಳು ಇರುತ್ತವೆ. ನಮ್ಮಲ್ಲಿನ ವಿದ್ಯುತ್ ಪ್ರತಿ ಸೆಕೆಂಡಿಗೆ 50 ಆವರ್ತನಗಳ ಪರ್ಯಾಯ ಪ್ರವಾಹವಾದುದರಿಂದ ತಿರುಳಿನ ಕಾಂತಕ್ಷೇತ್ರವು ಒಂದೇ ಸಮನೆ ಬದಲಾಗುತ್ತಿದ್ದು, ಮನೆ ಕಡೆಯ ಸುರುಳಿಯಲ್ಲಿ ಸುತ್ತುಗಳ ಅನುಪಾತಕ್ಕೆ ತಕ್ಕಂತೆ ತಗ್ಗಿದ ವೋಲ್ಟೇಜ್ ಪ್ರೇರಿತವಾಗುತ್ತದೆ. ಟಿ.ಸಿ. ಬಳಿ ಕೇಳಿಬರುವ ಗುಂಯ್ ಎಂಬ ಸದ್ದು ಈ ಬದಲಾವಣೆಯದೇ. ತಿರುಳು ಸೆಕೆಂಡಿಗೆ ನೂರು ಬಾರಿ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತಿರುತ್ತದೆ.

ಸಾಮಾನ್ಯ ವಿತರಣಾ ಟ್ರಾನ್ಸ್‌ಫಾರ್ಮರ್‌ನಲ್ಲಿ ಈ ಅನುಪಾತ ಸುಮಾರು 44ಕ್ಕೆ 1. ಮೇಲಿನಿಂದ ಬಂದುದನ್ನು 44ರಿಂದ ಭಾಗಿಸುವ ಈ ಸಾಧನಕ್ಕೆ ಮೇಲು ಯಾವುದು, ಕೆಳಗು ಯಾವುದು ಎಂಬ ಭೇದ ತಿಳಿಯದು. ಕೆಳಗಿನಿಂದ 230 ವೋಲ್ಟ್ ಒದಗಿಸಿದರೆ ಅದನ್ನೇ 44ರಿಂದ ಗುಣಿಸಿ, ಹತ್ತು ಸಾವಿರ ವೋಲ್ಟ್‌ಗೂ ಅಧಿಕವಾಗಿ ಮೇಲಿನ ತಂತಿಗೆ ನೀಡುತ್ತದೆ.

ಸರಬರಾಜು ನಿಂತಾಗ ಕೆಲವರು ಎರಡೂ ತುದಿಗೆ ಪಿನ್ ಇರುವ ವೈರನ್ನು ಜನರೇಟರ್‌ನಿಂದ ಗೋಡೆಯ ಪ್ಲಗ್ಗಿಗೆ ಸೇರಿಸುವುದುಂಟು. ಮೇನ್ ಸ್ವಿಚ್ ಆರಿಸಲು ಮರೆತಲ್ಲಿ ಆ ವಿದ್ಯುತ್ ಮೀಟರನ್ನು ಹಾದು, ಕಂಬದ ತಂತಿಯ ಮೂಲಕ ಟಿ.ಸಿ. ತಲುಪುತ್ತದೆ. ಅಕ್ಕಪಕ್ಕದ ಮನೆಗಳ ಹೊರೆ ಹೆಚ್ಚಿದ್ದರೆ ಜನರೇಟರ್ ಒಡನೆಯೇ ನಿಂತುಹೋಗಬಹುದು. ಆದರೆ ಅದನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ತಂತಿ ತುಂಡಾಗಿ ಹೊರೆ ಕಡಿಮೆಯಾಗಿರುವ ಹೊತ್ತಿನಲ್ಲಿ ಸಣ್ಣ ಯಂತ್ರವೂ ಟಿ.ಸಿ.ಗೆ ಜೀವ ತುಂಬಬಲ್ಲದು. ಮಾರ್ಗದಾಳು ಉಪಕೇಂದ್ರದ ಕಡೆಯಿಂದ ಮಾರ್ಗ ಮುಕ್ತವಾಗಿದೆಯೆಂದು ಖಚಿತಪಡಿಸಿಕೊಂಡೇ ಕಂಬ ಹತ್ತಿರುತ್ತಾನೆ. ವಿದ್ಯುತ್ ಬರುವುದು ಊರಿನ ಕಡೆಯಿಂದ.

ಅನುಸರಿಸಬೇಕಾದ ಕ್ರಮ

ಜನರೇಟರ್ ಬಳಸುವವರು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬೇರ್ಪಡಿಸುವ ಚೇಂಜ್ ಓವರ್ ಸ್ವಿಚ್ಚನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಅಳವಡಿಸಿಕೊಳ್ಳತಕ್ಕದ್ದು. ಈ ಸ್ವಿಚ್ಚಿನ ಹಿಡಿಕೆ ಒಂದು ಸಮಯದಲ್ಲಿ ಒಂದೇ ಕಡೆ ನಿಲ್ಲುವುದರಿಂದ ಮನೆಯು ಸರಬರಾಜು ಮಾರ್ಗಕ್ಕೋ ಜನರೇಟರಿಗೋ ಸೇರಿರುತ್ತದೆಯೇ ಹೊರತು ಎರಡಕ್ಕೂ ಏಕಕಾಲದಲ್ಲಿ ಅಲ್ಲ. ಮೇನ್ ಸ್ವಿಚ್ ಆರಿಸುವೆನೆಂಬ ನೆನಪಿನ ಮೇಲೆ ಅವಲಂಬಿಸುವುದಕ್ಕಿಂತ ಇದು ಲೇಸು. ಒಂದೆರಡು ದೀಪ, ಫ್ಯಾನ್ ಮಾತ್ರ ಬೇಕಿದ್ದವರು ಅವುಗಳನ್ನು ಪ್ರತ್ಯೇಕ ವೈರಿನಿಂದ ನೇರವಾಗಿ ಜನರೇಟರಿಗೇ ಜೋಡಿಸಿಕೊಳ್ಳಬಹುದು. ಎರಡೂ ತುದಿಗೆ ಪಿನ್ ಇರುವ ವೈರನ್ನು ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ. ಒಂದು ತುದಿ ಕಳಚಿದರೆ ಅದರ ಪಿನ್ನುಗಳಲ್ಲಿಯೇ ವಿದ್ಯುತ್ ಇರುವುದರಿಂದ ಮನೆಯವರಿಗೂ ಅಪಾಯ.

ಮಾರ್ಗದಾಳುಗಳು ಕೆಲಸ ಆರಂಭಿಸುವ ಮುನ್ನ ತಾವು ನಿಂತ ಸ್ಥಳದ ಎರಡೂ ಬದಿಗಳಲ್ಲಿ ತಂತಿಗಳನ್ನು ಭೂಮಿಗೆ ಜೋಡಿಸುವುದು ಈ ಹಿಮ್ಮುಖ ವಿದ್ಯುತ್ತಿನಿಂದ ರಕ್ಷಣೆ ಪಡೆಯುವುದಕ್ಕಾಗಿಯೇ. ಅವರು ಬಂದು ವಿಚಾರಿಸಿದಾಗ ಜನರೇಟರ್ ಇರುವ ಮನೆಯವರು ಅದನ್ನು ತಿಳಿಸತಕ್ಕದ್ದು. ತಂತಿ ತುಂಡಾಗಿ ಬಿದ್ದಿರುವುದು ಕಂಡುಬಂದಲ್ಲಿ, ಊರಿನಲ್ಲಿ ಕರೆಂಟ್ ಇಲ್ಲವೆಂಬ ಧೈರ್ಯದಿಂದ ಸಮೀಪಿಸದೆ 1912 ಸಂಖ್ಯೆಗೆ ದೂರವಾಣಿ ಕರೆ ಮಾಡಿ, ಕಂಬದ ಮೇಲೆ ಬರೆದಿರುವ ಸಂಖ್ಯೆ ಹಾಗೂ ಗ್ರಾಮದ ಹೆಸರನ್ನು ತಿಳಿಸಬಹುದಾಗಿದೆ.