ಹಳೆಯ ಮೇಜಿನಿಂದ ಹುಟ್ಟಿದ ಗಿಟಾರ್

1963ರ ಆಗಸ್ಟ್ ತಿಂಗಳು. ಲಂಡನ್ ಸಮೀಪದ ಫೆಲ್ತಂನಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು. ಅಂಗಡಿಯ ಗಿಟಾರಿನ ಬೆಲೆಯೋ ಮನೆಯವರ ಕೈಗೆ ಎಟುಕುವಂತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿದ್ದ ತಂದೆ ಹೆರಾಲ್ಡ್ ಮೇ ಮಗನನ್ನು ಗದರಿಸಲಿಲ್ಲ. ಅವನ ಜೊತೆ ಕುಳಿತು ತಾವೇ ಒಂದನ್ನು ಮಾಡತೊಡಗಿದರು.

ಮರ ಎಲ್ಲಿಂದ ಬಂತು? ಕತ್ತಿಗೆ ಹಳೆಯ ಬೆಂಕಿಗೂಡಿನ ಮಹಾಗನಿ ಚೌಕಟ್ಟು, ಒಡಲಿಗೆ ಹಳೆಯ ಓಕ್ ಮೇಜಿನ ತುಂಡು. ಮಹಾಗನಿಯಲ್ಲಿ ಹುಳು ಕೊರೆದ ತೂತುಗಳಿದ್ದವು. ಅವಕ್ಕೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಎರಡು ವರ್ಷದ ದುಡಿಮೆಗೆ ತಗಲಿದ ಖರ್ಚು ಸುಮಾರು ಎಂಟು ಪೌಂಡ್! ಆ ಹುಡುಗನೇ ಮುಂದೆ ‘ಕ್ವೀನ್’ ತಂಡದ ಗಿಟಾರ್ ವಾದಕನಾಗಿ ಹೆಸರಾದ ಬ್ರಯಾನ್ ಮೇ.

ಮೇಜಿನ ಮರದಿಂದ ಸಂಗೀತ ಹೇಗೆ ಸಾಧ್ಯ? ಉತ್ತರ ಪ್ರೌಢಶಾಲೆಯ ಭೌತಶಾಸ್ತ್ರದಲ್ಲೇ ಇದೆ. ವೀಣೆಯಲ್ಲಿ ತಂತಿಯ ಕಂಪನವನ್ನು ಮರದ ಕೊಡ ದೊಡ್ಡದು ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಗಲ್ಲ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇರುವ ‘ಪಿಕಪ್’ ಕೂತಿರುತ್ತದೆ. ತಂತಿ ಅಲುಗಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಹೀಗಾಗಿ ಮರದ ಮುಖ್ಯ ಕೆಲಸ ಗಟ್ಟಿಯಾಗಿ ನಿಲ್ಲುವುದು. ಆರು ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೋ ತೂಕದಷ್ಟು. ಅದಕ್ಕೆ ಮರ ಬಾಗಬಾರದು, ಸೀಳಬಾರದು, ಸ್ಕ್ರೂ ಸಡಿಲವಾಗಬಾರದು.

ನಮ್ಮಲ್ಲಿ ಯಾವ ಮರ?

ಹೆಸರು ಕೇಳಿ ಎಲ್ಲರೂ ಬಯಸುವುದು ಬೀಟೆ. ಆದರೆ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಬೆಲೆಯೂ ದುಬಾರಿ. ತೂಕದ ಲೆಕ್ಕವನ್ನೂ ನೋಡಿ. ಗಿಟಾರಿನ ಒಡಲಿಗೆ ಸುಮಾರು 4000 ಘನ ಸೆಂಟಿಮೀಟರ್ ಮರ ಎಂದಿಟ್ಟುಕೊಳ್ಳೋಣ. ಬೀಟೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.85 ಗ್ರಾಂ, ಒಡಲು 3.4 ಕಿಲೋ ಆಯಿತು. ಹಲಸು ಸುಮಾರು 0.6, ಒಡಲು 2.4 ಕಿಲೋ. ಹೆಗಲಿಗೆ ನೇತುಹಾಕಿ ನುಡಿಸುವವರಿಗೆ ಒಂದು ಕಿಲೋ ಸಣ್ಣ ಮಾತಲ್ಲ.

ತಂಜಾವೂರಿನ ವೀಣೆಗೂ ಮೃದಂಗಕ್ಕೂ ಆಗಿಬಂದ ಹಲಸು ಇಲ್ಲೂ ಒಳ್ಳೆಯ ಆಯ್ಕೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹಗುರ. ತೇಗ ತುಸು ಭಾರ. ಆದರೆ ಸುಲಭವಾಗಿ ಸೊಟ್ಟಗಾಗದು. ಯಾವ ಮರವಾದರೂ ಚೆನ್ನಾಗಿ ಒಣಗಿರಲೇಬೇಕು. ಹಸಿ ಮರ ಒಣಗುತ್ತ ಕುಗ್ಗಿ, ತಿರುಚಿ, ಮಾಡಿದ ಕೆಲಸವನ್ನೆಲ್ಲ ಹಾಳುಮಾಡುತ್ತದೆ.

ಒಣಗಿದೆಯೆಂದು ತಿಳಿಯಲು ತಕ್ಕಡಿ ಸಾಕು. ಹಲಗೆಯನ್ನು ನೆರಳಿನಲ್ಲಿ, ಗಾಳಿಯಾಡುವಂತೆ ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ನೀರು ಇನ್ನೂ ಹೊರಹೋಗುತ್ತಿದೆ ಎಂದರ್ಥ. ಇಳಿಯುವುದು ನಿಂತ ಮೇಲೆಯೇ ಉಳಿ ಹಿಡಿಯಿರಿ. ಹಳೆಯ ಮನೆಯ ಬಾಗಿಲು, ತೊಲೆ, ಮಂಚದ ಮರ ಸಿಕ್ಕರೆ ಅದೃಷ್ಟ. ಅವು ಹತ್ತಾರು ವರ್ಷ ಒಣಗಿದಂಥವು. ಮುರಿದು ಒಳಗೇ ಉಳಿದ ಮೊಳೆಗಳನ್ನು ಹುಡುಕಲು ಮೇಲ್ಮೈ ಮೇಲೆ ಅಯಸ್ಕಾಂತ ಓಡಿಸಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಅಂಥ ಮರವನ್ನು ಉಜ್ಜದೆ ಬಿಟ್ಟುಬಿಡುವುದೇ ಲೇಸು. ಗರಗಸ ಹಿಡಿಯುವಾಗ ಹಿರಿಯರೋ ಬಡಗಿಯೋ ಪಕ್ಕದಲ್ಲಿರಲಿ. ಮರದ ಪುಡಿ ಒಳಗೆ ಹೋಗದಂತೆ ಮೂಗು, ಬಾಯಿಗೆ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಬರೀ ಬಟ್ಟೆ ಸಾಲದು.

ಗಿಟಾರಿನಿಂದ ಓದು ಕೆಟ್ಟೀತೆಂಬ ಚಿಂತೆ ಹೆತ್ತವರಿಗೆ ಸಹಜ. ಬ್ರಯಾನ್ ಮೇ ತನ್ನ ಸಂಶೋಧನೆಯನ್ನು ಸಂಗೀತಕ್ಕಾಗಿ ನಡುವೆ ಬಿಟ್ಟದ್ದೂ ನಿಜ. ಆದರೆ ಸೌರಮಂಡಲದ ಧೂಳಿನ ಕುರಿತ ಆ ಅಧ್ಯಯನವನ್ನು ಅರವತ್ತನೆಯ ವಯಸ್ಸಿನಲ್ಲಿ ಮುಗಿಸಿ, 2007ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಪಿಎಚ್.ಡಿ. ಪಡೆದರು. ಅದಕ್ಕೆ ಐದು ವರ್ಷ ಮುಂಚೆ, 2002ರಲ್ಲಿ, ಬ್ರಿಟನ್ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದಂದು ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಅವರು ನುಡಿಸಿದ್ದು ಅಪ್ಪನ ಜೊತೆ ಮಾಡಿದ ಅದೇ ಗಿಟಾರನ್ನು.